ಮುಳಬಾಗಿಲಿನ ಬಿಸಿಲಿಗೆ ಯಾವ ಹುಲ್ಲು?

ನಮ್ಮ ಮುಳಬಾಗಿಲು ಕಡೆ ಹೊಸ ಮನೆ ಕಟ್ಟಿದವರು ಅಂಗಳಕ್ಕೆ ಲಾನ್ ಹಾಕಿಸುವಾಗ ಹುಲ್ಲಿನ ಬಣ್ಣ ನೋಡ್ತಾರೆ, ನೀರಿನ ಲೆಕ್ಕ ಹಾಕೋದಿಲ್ಲ. ಸಾವಿರ ಚದರಡಿಗೆ ಒಂದು ಸಲ 5 ಮಿಲಿಮೀಟರ್ ನೀರುಣಿಸಿದರೂ ಸುಮಾರು 465 ಲೀಟರ್ ಬೇಕು. ವರ್ಷವಿಡೀ ಹರಿಯುವ ಹೊಳೆ ಒಂದೂ ಇಲ್ಲದ ಜಿಲ್ಲೆ ನಮ್ಮದು. ಕೋಲಾರದ ಕೆರೆಗಳಿಗೆ 2018ರಿಂದ ಕೆ.ಸಿ. ವ್ಯಾಲಿ ಯೋಜನೆಯಲ್ಲಿ ಬೆಂಗಳೂರಿನ ಸಂಸ್ಕರಿಸಿದ ಕೊಳಚೆ ನೀರು ಹರಿಸುತ್ತಿದ್ದಾರೆ ಅಂದರೆ ಬರದ ಆಳ ಅರ್ಥವಾದೀತು.

ಹಾಗಾಗಿ ನನ್ನ ಆಯ್ಕೆ ಗರಿಕೆ. ಕುರುಡುಮಲೆ ಗಣಪನಿಗೆ ಏರಿಸುವ ಅದೇ ಗರಿಕೆ. ಅಂಗಡಿಯಲ್ಲಿ ಅದರ ಬೀಜಕ್ಕೆ ‘ಬರ್ಮುಡಾ’ ಅಂತ ಹೆಸರು. ಬೇಸಿಗೆಯಲ್ಲಿ ಮೇಲೆಲ್ಲ ಒಣಗಿದರೂ ಮಣ್ಣಿನೊಳಗಿನ ಕಾಂಡ ಜೀವ ಹಿಡಿದಿರುತ್ತೆ. ಸತ್ತಿತು ಅಂತ ಕಿತ್ತು ಹಾಕಬೇಡಿ, ಮಳೆ ಬಿದ್ದರೆ ಚಿಗುರುತ್ತೆ. ಅಗಲ ಎಲೆಯ ಕಾರ್ಪೆಟ್ ಹುಲ್ಲು ನೋಡೋಕೆ ಚೆಂದ, ಆದರೆ ಸದಾ ತೇವ ಕೇಳುತ್ತೆ. ಗರಿಕೆಗೆ ಆಗದಿರುವುದು ನೆರಳು. ಮಾವಿನ ಮರದಡಿ ಹಾಕಿದರೆ ಬೀಜ ದಂಡ.

ಸಿಪ್ಪೆ ತೆಗೆದ ಬೀಜ ಕೇಳಿ ತನ್ನಿ, ಅದು ಬೇಗ ಮೊಳೆಯುತ್ತೆ. ಮುಂಗಾರು ಹಿಡಿದ ಮೇಲೆ ಮಣ್ಣು ಸಡಿಲಿಸಿ, ತೆಳ್ಳಗೆ ಬಿತ್ತಿ. ಬೀಜ ಸಿಗದಿದ್ದರೆ ಬೇರುಳ್ಳ ತುಂಡುಗಳನ್ನು ಗೇಣಿಗೊಂದರಂತೆ ನೆಟ್ಟರೂ ಹಬ್ಬುತ್ತೆ.

ಒಂದು ಎಚ್ಚರಿಕೆ: ರಾಗಿ ಹೊಲದವರಿಗೆ ಗರಿಕೆ ತೀರದ ಕಳೆ. ತರಕಾರಿ ಮಡಿ ಪಕ್ಕದಲ್ಲಿದ್ದರೆ ನಡುವೆ ಕಲ್ಲು ಹೂಳಿ, ಅಂಚು ದಾಟಿದ್ದನ್ನು ಆಗಾಗ ಕೀಳಿ.

ಏಪ್ರಿಲ್‌ನಲ್ಲೂ ಲಾನ್ ಹಸಿರಾಗೇ ಇರಬೇಕು ಅನ್ನೋ ಹಟ ಬಿಟ್ಟರೆ ಬೋರ್‌ವೆಲ್ ನೀರು ಕುಡಿಯೋಕೆ ಉಳಿಯುತ್ತೆ.