ಬಾಗಿಲೇನೋ ನುಣುಪಾಯ್ತು, ಧೂಳು ಎಲ್ಲಿ ಹೋಯ್ತು?

ಹಬ್ಬ ಹತ್ತಿರ ಬಂತೆಂದರೆ ಸಾಕು, ಬೀದಿ ಬೀದಿಯಲ್ಲಿ ‘ಗುಂಯ್’ ಎಂಬ ಸದ್ದು ಶುರು. ಹಳೇ ಬಾಗಿಲು, ಕಿಟಕಿಗಳಿಗೆ ಹೊಸ ಬಣ್ಣದ ಯೋಗ! ಉಪ್ಪುಕಾಗದ ಹಿಡಿದು ದಿನವಿಡೀ ಉಜ್ಜುತ್ತಿದ್ದ ಆಚಾರಿಯ ಕೈಗೆ ಕರೆಂಟಿನ ಸ್ಯಾಂಡರ್ ಬಂದಿದೆ. ತಪ್ಪೇನಿಲ್ಲ. ರಟ್ಟೆಯೂ ಉಳಿಯಿತು, ಹೊತ್ತೂ ಉಳಿಯಿತು.

ಈ ಯಂತ್ರದಲ್ಲೂ ಜಾತಿಗಳುಂಟು. ಉರುಳೆಗಳ ಮೇಲೆ ಪಟ್ಟಿ ಓಡಿಸುವ ಬೆಲ್ಟ್ ಸ್ಯಾಂಡರ್ ಒರಟು ಹಲಗೆಗೆ ಸರಿ. ಒಂದೇ ಕಡೆ ನಿಲ್ಲಿಸಿದಿರೋ, ಮರದಲ್ಲಿ ಹಳ್ಳ! ಚೌಕ ತಳದ ಆರ್ಬಿಟಲ್ ಸಣ್ಣಗೆ ಅದುರುತ್ತಾ ನಯ ಮಾಡುತ್ತದೆ. ದುಂಡು ತಳದ ರ್‍ಯಾಂಡಮ್ ಆರ್ಬಿಟಲ್ ಅದುರುತ್ತಲೇ ತಿರುಗುವುದರಿಂದ ಗೀರು ಎದ್ದು ಕಾಣುವುದು ಕಡಿಮೆ. ಕಾಗದದ ನಂಬರು ಮೊದಲು 80, ಆಮೇಲೆ 120, ಕೊನೆಗೆ 180.

“ನಡುವಿನ ನಂಬರು ಹಾರಿಸಿದ್ರೆ ಪಾಲಿಶ್ ಹೊಡೆದ ಮೇಲೆ ಗೀರು ಹಲ್ಲು ಕಿರಿಯುತ್ತೆ ಸ್ವಾಮಿ. ಮೆಷಿನ್ ಒತ್ತಲೂಬಾರ್ದು, ಅದರ ತೂಕಾನೇ ಸಾಕು” ಎನ್ನುತ್ತಾರೆ ನಮ್ಮ ಬೀದಿಯ ಹಿರಿಯ ಆಚಾರಿ.

ಸರಿ, ಧೂಳಿನ ಗತಿ? ಮೊನ್ನೆ ಒಂದು ಮನೆಯ ಜಗಲಿಯಲ್ಲಿ ಕಂಡದ್ದು: ತಾತನ ಕಾಲದ ಬಾಗಿಲು, ಪದರ ಪದರ ಹಸಿರು ಬಣ್ಣ. ಯಂತ್ರ ಹಿಡಿದ ಹುಡುಗನ ಮೂಗಿಗೆ ಬರೀ ಕರ್ಚೀಫು. ನಾಲ್ಕು ಮಾರು ದೂರದಲ್ಲಿ ಮಣ್ಣಾಟ ಆಡುವ ಕೂಸುಗಳು!

ಓದುಗರೇ, ಹಳೇ ಬಣ್ಣದಲ್ಲಿ ಸೀಸ ಇರುವ ಸಂಭವ ಹೆಚ್ಚು. ಮನೆಬಣ್ಣದಲ್ಲಿ ಸೀಸ ಹತ್ತು ಲಕ್ಷಕ್ಕೆ 90 ಭಾಗ ಮೀರಬಾರದೆಂಬ ನಿಯಮ ನಮ್ಮಲ್ಲಿ ಜಾರಿಗೆ ಬಂದದ್ದೇ 2017ರಲ್ಲಿ. ಸೀಸದ ಧೂಳು ಮಕ್ಕಳ ಮಿದುಳಿಗೆ ಕೇಡು. ಇನ್ನು ಬರೀ ಮರದ ಧೂಳೂ ಸಾಧುವಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 1995ರಲ್ಲೇ ಅದನ್ನು ಕ್ಯಾನ್ಸರ್‌ಕಾರಕಗಳ ಪಟ್ಟಿಗೆ ಸೇರಿಸಿತು.

ಹಾಗಂತ ಯಂತ್ರವನ್ನು ಅಟ್ಟಕ್ಕೆ ಹಾಕಬೇಕೆ? ಬೇಡ. ಹೊಸ ಮರಕ್ಕೆ ಧಾರಾಳವಾಗಿ ಓಡಿಸಿ. ಧೂಳು ಹೀರುವ ಚೀಲವೋ ವ್ಯಾಕ್ಯೂಮೋ ಜೋಡಿಸಿ. ಮೂಗಿಗೆ ಎನ್-95 ಮಾಸ್ಕ್, ಕಣ್ಣಿಗೆ ಕನ್ನಡಕ ಇರಲಿ. ಹಳೇ ಬಣ್ಣಕ್ಕೆ ಮಾತ್ರ ಯಂತ್ರ ಬೇಡ. ನೀರು ಚಿಮುಕಿಸಿ ವಾಟರ್ ಪೇಪರಿನಿಂದ ಕೈಯಲ್ಲೇ ಉಜ್ಜಿಸಿ. ಮಕ್ಕಳನ್ನು ದೂರ ಕಳಿಸಿ. ಕೆಲಸ ಮುಗಿದ ಮೇಲೆ ಪೊರಕೆ ಹಿಡಿಯಬೇಡಿ, ಒದ್ದೆ ಬಟ್ಟೆಯಲ್ಲಿ ಒರೆಸಿ.

ಬಾಗಿಲಿಗೆ ಸಾವಿರಗಟ್ಟಲೆ ಸುರಿಯುವ ಯಜಮಾನರು ಕೆಲಸದ ಹುಡುಗನಿಗೊಂದು ಮಾಸ್ಕ್ ಕೊಡಿಸಲು ಚೌಕಾಸಿ ಮಾಡೋದು ನ್ಯಾಯವೇ? ಬಾಗಿಲು ಇನ್ನೊಂದು ತಲೆಮಾರು ಬಾಳಲಿ. ಅದನ್ನು ಉಜ್ಜಿದವನೂ ಬಾಳಲಿ.