ರಕ್ತದಾನಕ್ಕೂ ಒಂದು ಸರದಿ ಬೇಕು

ಕಳೆದ ವರ್ಷ ಆಗಸ್ಟ್‌ನಲ್ಲಿ ನಮ್ಮ ಕಾಲೇಜಿನ ರೋಟರಾಕ್ಟ್ ಕ್ಲಬ್ ರಕ್ತದಾನ ಶಿಬಿರ ಮಾಡಿದಾಗ ಆಡಿಟೋರಿಯಂ ಬಾಗಿಲಿಂದ ಕ್ಯಾಂಟೀನ್ ತನಕ ಕ್ಯೂ ಇತ್ತು. ಮೆಕ್ಯಾನಿಕಲ್‌ನವರು ಹೆಚ್ಚೋ ಸಿವಿಲ್‌ನವರು ಹೆಚ್ಚೋ ಅಂತ ಬ್ರಾಂಚ್‌ಗಳ ನಡುವೆ ಪೈಪೋಟಿ ಬೇರೆ. ಒಂದು ಕ್ಲಾಸ್ ಬಂಕ್ ಮಾಡೋ ಆಸೆಗೆ ಬಂದವರೂ ಇದ್ದರು, ಸರ್ಟಿಫಿಕೇಟ್ ಸಿಗುತ್ತೆ ಅಂತ ಬಂದವರೂ ಇದ್ದರು, ನಿಜವಾದ ಮನಸ್ಸಿಂದ ಬಂದವರು ಅವರೆಲ್ಲರಿಗಿಂತ ಹೆಚ್ಚಿದ್ದರು. ಸಂಜೆ ಹೊತ್ತಿಗೆ ಹಿಂದಿನ ಎಲ್ಲ ವರ್ಷಗಳ ಲೆಕ್ಕ ಮೀರಿತ್ತು. ಬ್ಯಾನರ್ ಮುಂದೆ ನಿಂತು ಫೋಟೋ ತೆಗೆಸಿಕೊಂಡೆವು, ಸ್ಟೇಟಸ್ ಹಾಕಿದೆವು, ಮನೆಗೆ ಹೋದೆವು.

ಅದಾಗಿ 53ನೇ ದಿನ, ಸೆಕೆಂಡ್ ಇಂಟರ್ನಲ್ಸ್ ಹಿಂದಿನ ರಾತ್ರಿ, ಒಬ್ಬ ಜೂನಿಯರ್ ರೂಮಿಗೆ ಬಂದ. "ಅಣ್ಣಾ, ಅಮ್ಮಂಗೆ ನಾಳೆ ಬೆಳಿಗ್ಗೆ ಆಪರೇಷನ್. ಎರಡು ಯೂನಿಟ್ ಬಿ ನೆಗೆಟಿವ್ ಬೇಕಂತೆ. ಬ್ಲಡ್ ಬ್ಯಾಂಕಲ್ಲಿ ಇಲ್ಲ ಅಂತಿದಾರೆ."

ನನಗೇನೂ ಗಾಬರಿ ಆಗಲಿಲ್ಲ. ಶಿಬಿರದ ಪಟ್ಟಿ ನನ್ನ ಲ್ಯಾಪ್‌ಟಾಪಿನಲ್ಲೇ ಇತ್ತು. ತೆಗೆದು ನೋಡಿದೆ. ಬಿ ನೆಗೆಟಿವ್ ನಾಲ್ಕು ಜನ, ಓ ನೆಗೆಟಿವ್ ಇಬ್ಬರು. ಒಬ್ಬೊಬ್ಬರಿಗೇ ಫೋನ್ ಮಾಡುತ್ತಾ ಹೋದೆ. ಎಲ್ಲರದ್ದೂ ಒಂದೇ ಉತ್ತರ: "ಬರ್ತಿದ್ದೆ ಅಣ್ಣಾ, ಆದ್ರೆ ನಿಮ್ಮ ಕ್ಯಾಂಪಲ್ಲೇ ಕೊಟ್ಟಿದ್ದೀನಲ್ಲ, ಇನ್ನೂ ಮೂರು ತಿಂಗಳು ಆಗಿಲ್ಲ."

ಆರು ಜನ ಇದ್ದರು, ಆರೂ ಜನ ಕೊಡುವ ಹಾಗಿರಲಿಲ್ಲ. ಅವರು ಕೊಟ್ಟ ರಕ್ತವೂ ಆ ಹೊತ್ತಿಗೆ ಬ್ಲಡ್ ಬ್ಯಾಂಕಿನ ಫ್ರಿಜ್‌ನಲ್ಲಿ ಇರಲಿಲ್ಲ. ಕೊನೆಗೆ ಊರಲ್ಲೇ ಮನೆಯಿರುವ ಗೆಳತಿಯೊಬ್ಬಳ ಚಿಕ್ಕಪ್ಪ ಮತ್ತು ಅವರ ಆಫೀಸಿನವರೊಬ್ಬರು ರಾತ್ರಿ ಒಂದು ಗಂಟೆಗೆ ಬಂದು ರಕ್ತ ಕೊಟ್ಟರು. ಆಪರೇಷನ್ ಚೆನ್ನಾಗಿ ಆಯಿತು. ಆದರೆ ದಾಖಲೆ ಶಿಬಿರ ಮಾಡಿದ ಕ್ಲಬ್ಬು ಎರಡೇ ತಿಂಗಳಲ್ಲಿ ಎರಡು ಯೂನಿಟ್ ಹೊಂದಿಸೋಕೆ ಯಾಕೆ ಒದ್ದಾಡಿತು ಅನ್ನೋ ಪ್ರಶ್ನೆ ನನ್ನನ್ನು ಬಿಡಲಿಲ್ಲ. ಅದಕ್ಕೆ ಸಿಕ್ಕ ಉತ್ತರವೇ ಈ ಲೇಖನ.

ರೋಟರಿ ಅಂದ್ರೆ ಸರದಿ

ಮೊದಲು ಕ್ಲಬ್ ಬಗ್ಗೆ ಎರಡು ಮಾತು, ಯಾಕಂದ್ರೆ ಫಸ್ಟ್ ಇಯರ್‌ನವರು ಪ್ರತಿ ವರ್ಷ ಕೇಳ್ತಾರೆ. 1905ರ ಫೆಬ್ರವರಿಯಲ್ಲಿ ಅಮೆರಿಕದ ಶಿಕಾಗೋದಲ್ಲಿ ಪಾಲ್ ಹ್ಯಾರಿಸ್ ಅನ್ನೋ ವಕೀಲ ಮೂವರು ಪರಿಚಿತರ ಜೊತೆ ಕೂತು ಶುರು ಮಾಡಿದ ಕೂಟ ರೋಟರಿ. ಒಂದು ಸಲ ಒಬ್ಬರ ಆಫೀಸಿನಲ್ಲಿ, ಮತ್ತೊಂದು ಸಲ ಇನ್ನೊಬ್ಬರ ಆಫೀಸಿನಲ್ಲಿ, ಹೀಗೆ ಸರದಿ ಪ್ರಕಾರ ಸಭೆ ಸೇರುತ್ತಿದ್ದರಿಂದ ಆ ಹೆಸರು ಬಂತು. ಮೊದಮೊದಲು ಅದು ಸ್ನೇಹಿತರ ಗುಂಪಷ್ಟೇ. ಸ್ವಲ್ಪ ಸಮಯದ ನಂತರ ಶಿಕಾಗೋದಲ್ಲಿ ಸಾರ್ವಜನಿಕ ಶೌಚಾಲಯ ಕಟ್ಟಿಸಲು ಓಡಾಡಿದ್ದು ಅವರ ಮೊದಲ ದೊಡ್ಡ ಸಮಾಜಸೇವೆ. ಎಷ್ಟು ಸಾದಾ ಕೆಲಸ ನೋಡಿ! ಆದರೆ ಊರಿಗೆ ಬೇಕಾಗಿದ್ದು ಅದೇ.

ಯುವಕರಿಗಾಗಿ ರೋಟರಾಕ್ಟ್ ಶುರುವಾಗಿದ್ದು 1968ರಲ್ಲಿ, ಅಮೆರಿಕದ ನಾರ್ತ್ ಕೆರೊಲಿನಾದ ಒಂದು ವಿಶ್ವವಿದ್ಯಾಲಯದಲ್ಲಿ. ನಮ್ಮಂಥ ಕಾಲೇಜುಗಳ ಕ್ಲಬ್ಬಿಗೆ ಸಾಮಾನ್ಯವಾಗಿ ಊರಿನ ರೋಟರಿ ಕ್ಲಬ್ ಬೆನ್ನಿಗಿರುತ್ತೆ. ದುಡ್ಡು, ಪರಿಚಯ, ಅನುಭವ ಅವರದ್ದು. ಕಾಲು, ಗಂಟಲು ನಮ್ಮದು. ಸರ್ಕಾರಿ ಶಾಲೆಯಲ್ಲಿ ಪಾಠ, ಕಣ್ಣಿನ ತಪಾಸಣೆ, ಗಿಡ ನೆಡೋದು ಎಲ್ಲ ಇದೆ. ಆದರೆ ಕ್ಯಾಂಪಸ್‌ನಲ್ಲಿ ಎಲ್ಲರಿಗೂ ಕಾಣೋದು ರಕ್ತದಾನ ಶಿಬಿರ. ಹಾಗಾಗಿ ಅದನ್ನೇ ಬಿಡಿಸಿ ನೋಡೋಣ.

ಚೀಲ ಹೋಗೋದೆಲ್ಲಿಗೆ?

ನೀವು ಮಲಗಿ, ಕೈಯಲ್ಲಿ ಸ್ಮೈಲಿ ಬಾಲ್ ಒತ್ತುತ್ತಾ ಇರುವಾಗ ತೆಗೆಯೋದು 350 ಮಿಲಿಲೀಟರ್, ತೂಕ 55 ಕೆಜಿಗಿಂತ ಹೆಚ್ಚಿದ್ದರೆ 450 ತನಕ. ವಯಸ್ಕರ ಮೈಯಲ್ಲಿ ಸುಮಾರು ಐದು ಲೀಟರ್ ರಕ್ತ ಇರುತ್ತೆ. ನೀವು ಜ್ಯೂಸ್ ಕುಡಿದು ಎದ್ದು ಹೋಗ್ತೀರಿ. ಚೀಲದ ಪಯಣ ಅಲ್ಲಿಂದ ಶುರು.

ಬ್ಲಡ್ ಬ್ಯಾಂಕಿನಲ್ಲಿ ಪ್ರತಿ ಯೂನಿಟ್‌ಗೂ ಎಚ್ಐವಿ, ಹೆಪಟೈಟಿಸ್ ಬಿ, ಹೆಪಟೈಟಿಸ್ ಸಿ, ಸಿಫಿಲಿಸ್, ಮಲೇರಿಯಾ ಈ ಐದೂ ಪರೀಕ್ಷೆ ಆಗಲೇಬೇಕು. ಗುಂಪನ್ನು ಮತ್ತೆ ಖಚಿತಪಡಿಸಿಕೊಳ್ತಾರೆ. ಆಮೇಲೆ ಚೀಲವನ್ನು ಸೆಂಟ್ರಿಫ್ಯೂಜ್‌ನಲ್ಲಿ ತಿರುಗಿಸ್ತಾರೆ. ಭಾರವಾದ ಕೆಂಪು ರಕ್ತಕಣ ತಳಕ್ಕೆ, ಹಳದಿ ಪ್ಲಾಸ್ಮಾ ಮೇಲಕ್ಕೆ. ಫ್ಲೂಯಿಡ್ ಮೆಕ್ಯಾನಿಕ್ಸ್ ಪರೀಕ್ಷೆಗೆ ಮಾತ್ರ ಅಂದುಕೊಂಡವರು ಒಮ್ಮೆ ಹೋಗಿ ಇದನ್ನು ನೋಡಬೇಕು. ಹೀಗೆ ಒಂದೇ ಚೀಲ ಕೆಂಪು ಕಣ, ಪ್ಲೇಟ್‌ಲೆಟ್, ಪ್ಲಾಸ್ಮಾ ಅಂತ ಮೂರಾಗುತ್ತೆ. ಕೆಂಪು ಕಣ ಹೆರಿಗೆ, ಅಪಘಾತ, ಆಪರೇಷನ್, ಥಲಸ್ಸೀಮಿಯಾ ಮಕ್ಕಳಿಗೆ. ಪ್ಲೇಟ್‌ಲೆಟ್ ಕ್ಯಾನ್ಸರ್ ರೋಗಿಗಳಿಗೆ, ಡೆಂಗಿ ಜೋರಾದವರಿಗೆ. ಪ್ಲಾಸ್ಮಾ ರಕ್ತ ಹೆಪ್ಪುಗಟ್ಟದ ತೊಂದರೆ ಇರುವವರಿಗೆ.

ಈ ಮೂರಕ್ಕೂ ಬೇರೆ ಬೇರೆ ಆಯುಷ್ಯ. ಪ್ಲಾಸ್ಮಾವನ್ನು ಮೈನಸ್ 30 ಡಿಗ್ರಿಯಲ್ಲಿ ಗಟ್ಟಿ ಮಾಡಿಟ್ಟರೆ ಒಂದು ವರ್ಷ ಇರುತ್ತೆ. ಕೆಂಪು ಕಣ 2ರಿಂದ 6 ಡಿಗ್ರಿಯಲ್ಲಿ, ಬಳಸುವ ದ್ರಾವಣದ ಮೇಲೆ 35 ಅಥವಾ 42 ದಿನ. ಪ್ಲೇಟ್‌ಲೆಟ್ ಕೋಣೆಯ ತಾಪದಲ್ಲಿ, ಅದೂ ಮೆಲ್ಲಗೆ ಅಲುಗಾಡಿಸುತ್ತಲೇ ಇರಬೇಕು, ಬರೀ 5 ದಿನ. ಅಂದರೆ ಸೋಮವಾರ ನೀವು ಕೊಟ್ಟ ಪ್ಲೇಟ್‌ಲೆಟ್ ಮುಂದಿನ ಸೋಮವಾರಕ್ಕೆ ಯಾರಿಗೂ ಇಲ್ಲ.

36ನೇ ದಿನದಿಂದ 90ನೇ ದಿನ

ಈಗ ದಾನಿಯ ಕಡೆಯಿಂದ ನೋಡಿ. ಕೊಟ್ಟ ರಕ್ತದ ನೀರಿನಂಶ ಒಂದೆರಡು ದಿನದಲ್ಲೇ ತುಂಬಿಕೊಳ್ಳುತ್ತೆ. ಕೆಂಪು ಕಣಕ್ಕೆ ವಾರಗಳು ಬೇಕು, ಕಬ್ಬಿಣಾಂಶಕ್ಕೆ ಇನ್ನೂ ಹೆಚ್ಚು. ಅದಕ್ಕೇ ನಮ್ಮ ದೇಶದ ನಿಯಮದಲ್ಲಿ ಗಂಡಸರು 90 ದಿನ, ಹೆಂಗಸರು 120 ದಿನ ಕಾಯಬೇಕು.

ಎರಡೂ ಲೆಕ್ಕ ಪಕ್ಕಪಕ್ಕ ಇಡಿ. ಕ್ಯಾಂಪಸ್ಸಿನ ಎಲ್ಲ ದಾನಿಗಳೂ ಒಂದೇ ದಿನ ಕೊಟ್ಟರೆ ಆರನೇ ದಿನಕ್ಕೆ ಪ್ಲೇಟ್‌ಲೆಟ್ ಇಲ್ಲ. 35 ಅಥವಾ 42ನೇ ದಿನ ದಾಟಿದರೆ ಕೆಂಪು ಕಣವೂ ಇಲ್ಲ. ಆದರೆ ದಾನಿಗಳು 90ನೇ ದಿನದ ತನಕ ಕೊಡುವಂತಿಲ್ಲ. ನಡುವಿನ ಸುಮಾರು ಐವತ್ತು ದಿನ ಫ್ರಿಜ್ಜೂ ಖಾಲಿ, ದಾನಿಗಳ ಪಟ್ಟಿಯೂ ಖಾಲಿ. ನಮ್ಮ ಜೂನಿಯರ್ ಬಾಗಿಲು ತಟ್ಟಿದ 53ನೇ ದಿನ ಬರೋದು ಸರಿಯಾಗಿ ಈ ಗುಂಡಿಯೊಳಗೆ. ಆವತ್ತು ಬಿದ್ದ ಪೆಟ್ಟು ದುರದೃಷ್ಟ ಅಲ್ಲ, ನಮ್ಮದೇ ಡಿಸೈನ್ ಫಾಲ್ಟ್.

ಮಾರನೇ ವಾರ ಬ್ಲಡ್ ಬ್ಯಾಂಕಿಗೆ ಹೋಗಿ ಅಲ್ಲಿನ ಟೆಕ್ನಿಷಿಯನ್ ಒಬ್ಬರ ಹತ್ತಿರ ಇದನ್ನೇ ಕೇಳಿದೆ. ಅವರು ನಕ್ಕರು. "ನೋಡಪ್ಪ, ಆಗಸ್ಟ್ ಹದಿನೈದು, ಅಕ್ಟೋಬರ್ ಒಂದು, ಯಾರ್ದೋ ಹುಟ್ಟುಹಬ್ಬ, ಎಲ್ರೂ ಅವತ್ತೇ ಕ್ಯಾಂಪ್ ಅಂತೀರಿ. ಅವತ್ತು ಇಡೋಕೆ ಜಾಗ ಇರಲ್ಲ. ಏಪ್ರಿಲ್-ಮೇ ರಜೆಯಲ್ಲಿ ನಾನು ಫೋನ್ ಮಾಡಿದ್ರೆ ಒಬ್ರೂ ಊರಲ್ಲಿರಲ್ಲ. ನನಗೆ ಒಂದೇ ದಿನ ಬುಟ್ಟಿ ತುಂಬ ಬೇಡ, ದಿನಾ ಒಂದು ಹಿಡಿ ಸಾಕು."

ಈ ಮಾತಿನ ಹಿಂದೆ ಒಂದು ದೊಡ್ಡ ಕಥೆ ಇದೆ. ನಮ್ಮ ದೇಶದಲ್ಲಿ ಒಂದು ಕಾಲಕ್ಕೆ ದುಡ್ಡಿಗಾಗಿ ರಕ್ತ ಮಾರುವವರೇ ದೊಡ್ಡ ಆಸರೆಯಾಗಿದ್ದರು. ಹಸಿವಿಗಾಗಿ ಪದೇ ಪದೇ ಕೊಡುವವನು ಕಾಯಿಲೆ ಮುಚ್ಚಿಡುತ್ತಾನೆ. ಅದು ಅವನಿಗೂ ಅಪಾಯ, ಪಡೆಯುವವರಿಗೂ ಅಪಾಯ. 1996ರಲ್ಲಿ ಸುಪ್ರೀಂ ಕೋರ್ಟ್ ಕೊಟ್ಟ ತೀರ್ಪಿನ ಪ್ರಕಾರ 1998ರ ಜನವರಿಯಿಂದ ರಕ್ತ ಮಾರಾಟ ನಿಂತಿತು. ಈಗ ಆಸ್ಪತ್ರೆ ತೆಗೆದುಕೊಳ್ಳೋದು ಪರೀಕ್ಷೆ, ಸಂಗ್ರಹಣೆಯ ಖರ್ಚು ಮಾತ್ರ. ಆದರೆ ಮಾರುವವರು ಹೋದ ಜಾಗವನ್ನು ತುಂಬಬೇಕಾದವರು ನಾವು. ನಾವು ವರ್ಷಕ್ಕೊಮ್ಮೆ ಮಾತ್ರ ತುಂಬಿದರೆ, ಉಳಿದ ದಿನ ರೋಗಿಯ ಮನೆಯವರು ಆಸ್ಪತ್ರೆ ಕಾರಿಡಾರಲ್ಲಿ ಕಂಡ ಕಂಡವರ ಕೈ ಹಿಡಿಯಬೇಕಾಗುತ್ತೆ. ದಲ್ಲಾಳಿಗಳು ಹುಟ್ಟೋದು ಅಲ್ಲೇ.

ನಾವು ಬದಲಾಯಿಸಿಕೊಂಡಿದ್ದು

ಈ ವರ್ಷ ಕ್ಲಬ್ಬಿನಲ್ಲಿ ದೊಡ್ಡ ಶಿಬಿರ ಬೇಡ ಅಂತ ತೀರ್ಮಾನವಾದಾಗ ಜಗಳವೇ ಆಯ್ತು. "ಮಗಾ, ರಿಪೋರ್ಟಲ್ಲಿ ಏನ್ ತೋರಿಸ್ತೀಯಾ?" ಅಂದರು. ನ್ಯಾಯವಾದ ಪ್ರಶ್ನೆಯೇ. ಆದರೂ ಒಪ್ಪಿಕೊಂಡರು. ಈಗ ನಡೆಯುತ್ತಿರೋದು ಹೀಗೆ:

ಒಂದು, ದಾನಿಗಳನ್ನು ನಾಲ್ಕು ಗುಂಪು ಮಾಡಿದ್ದೇವೆ. ತಿಂಗಳಿಗೆ ಒಂದು ಗುಂಪಿನ ಸರದಿ. ಒಮ್ಮೆ ಕೊಟ್ಟವರಿಗೆ ನಾಲ್ಕು ತಿಂಗಳಾದ ಮೇಲೆ ಮತ್ತೆ ಕರೆ ಹೋಗುತ್ತೆ, ಹಾಗಾಗಿ ಹುಡುಗಿಯರ 120 ದಿನದ ಅಂತರವೂ ಸಿಗುತ್ತೆ. ಹುಡುಗರಿಗೆ 90 ದಿನ ಸಾಕಾಗಿರೋದರಿಂದ, ಯಾವಾಗ ತುರ್ತು ಫೋನ್ ಬಂದರೂ ಮುಂದಿನ ಸರದಿಯ ಗುಂಪಿನ ಹುಡುಗರು ಕೊಡಲು ಸಿದ್ಧರಿರುತ್ತಾರೆ. ಶೆಡ್ಯೂಲಿಂಗ್ ಓದಿದ ಕಂಪ್ಯೂಟರ್ ಸೈನ್ಸ್‌ನವರಿಗೆ ಇದು ಹೊಸದೇನಲ್ಲ, ರೌಂಡ್ ರಾಬಿನ್ ಅಷ್ಟೇ.

ಎರಡು, ನೆಗೆಟಿವ್ ಗುಂಪಿನವರನ್ನು ಸರದಿಗೆ ಸೇರಿಸಿಲ್ಲ. ಅವರು ಸಂಖ್ಯೆಯಲ್ಲಿ ಕಡಿಮೆ. ಬ್ಲಡ್ ಬ್ಯಾಂಕ್ ಕೇಳಿದಾಗ ಮಾತ್ರ, ಒಬ್ಬರಾದ ಮೇಲೆ ಒಬ್ಬರು ಹೋಗುತ್ತಾರೆ. "ನನ್ನನ್ನ ಯಾಕೆ ಕರೀಲಿಲ್ಲ?" ಅಂತ ಬೇಜಾರು ಮಾಡಿಕೊಂಡ ಗೆಳತಿಗೆ ಹೇಳಿದ್ದು ಇಷ್ಟೇ: ನೀನು ಬಿಟ್ಟುಹೋಗಿಲ್ಲ, ನಿನ್ನನ್ನು ಕಾಯ್ದಿಟ್ಟಿದ್ದೇವೆ.

ಮೂರು, ದಿನಾಂಕ ನಿಗದಿ ಮಾಡುವ ಮೊದಲು ಬ್ಲಡ್ ಬ್ಯಾಂಕಿಗೆ ಫೋನ್. ಯಾವ ಗುಂಪು ಕಡಿಮೆ ಇದೆ, ಎಷ್ಟು ಜನ ಬೇಕು ಅಂತ ಅವರು ಹೇಳ್ತಾರೆ. ಮಳೆಗಾಲದಲ್ಲಿ ಡೆಂಗಿ ಶುರುವಾದರೆ ಪ್ಲೇಟ್‌ಲೆಟ್ ಬೇಡಿಕೆ ಏರುತ್ತೆ, ಆಗ ವಾರಕ್ಕೆ ಕೆಲವರಂತೆ ಕಳಿಸುತ್ತೇವೆ. ಸ್ಟೇಜು, ಬ್ಯಾನರ್ ಇಲ್ಲ. ಕಾಲೇಜ್ ಬಸ್ಸಲ್ಲಿ ಹೋಗಿ ಬರೋದು.

ನಾಲ್ಕು, ರಜೆಯ ಲೆಕ್ಕ. ಸೆಮ್ ಮುಗಿದು ಹಾಸ್ಟೆಲ್ ಖಾಲಿಯಾದಾಗ ಊರಿನಲ್ಲೇ ಇರುವ ಡೇ ಸ್ಕಾಲರ್‌ಗಳು, ಮೇಷ್ಟ್ರುಗಳು, ಆಫೀಸ್ ಸಿಬ್ಬಂದಿ ಸರದಿ ಹಿಡಿಯುತ್ತಾರೆ.

ಐದು, ಫೋನ್ ನಂಬರ್ ಇರುವ ಪಟ್ಟಿ ಇಬ್ಬರು ಸಂಯೋಜಕರ ಹತ್ತಿರ ಮಾತ್ರ. ಯಾರ ಗುಂಪು, ಯಾರ ನಂಬರ್ ಅನ್ನೋದು ವಾಟ್ಸ್ಯಾಪ್‌ನಲ್ಲಿ ಹರಿದಾಡೋ ಸರಕಲ್ಲ. ಹಾಗೇ "ತುರ್ತಾಗಿ ರಕ್ತ ಬೇಕು" ಅನ್ನೋ ಮೆಸೇಜಿನಲ್ಲಿ ದಿನಾಂಕ, ಸಮಯ ಇರಲೇಬೇಕು. ಸಿಕ್ಕಿದ ಕೂಡಲೇ "ಸಿಕ್ಕಿದೆ" ಅಂತ ಹಾಕಬೇಕು. ಇಲ್ಲದಿದ್ದರೆ ಅದು ವರ್ಷಗಟ್ಟಲೆ ಸುತ್ತುತ್ತಾ, ರೋಗಿ ಗುಣವಾಗಿ ಮನೆಗೆ ಹೋದ ಮೇಲೂ ಅವರ ಮನೆಯವರಿಗೆ ಫೋನ್ ಬರ್ತಾನೇ ಇರುತ್ತೆ.

ನಿಮ್ಮ ಸರದಿ ಬಂದಾಗ

18 ತುಂಬಿರಬೇಕು, ತೂಕ ಕನಿಷ್ಠ 45 ಕೆಜಿ, ಹಿಮೋಗ್ಲೋಬಿನ್ 12.5ಕ್ಕಿಂತ ಕಡಿಮೆ ಇರಬಾರದು. ಇತ್ತೀಚೆಗೆ ಜ್ವರ ಬಂದಿದ್ದರೆ, ಔಷಧಿ ತಗೋತಿದ್ದರೆ, ಒಂದು ವರ್ಷದೊಳಗೆ ಟ್ಯಾಟೂ ಹಾಕಿಸಿದ್ದರೆ ಮುಚ್ಚಿಡದೆ ಡಾಕ್ಟರಿಗೆ ಹೇಳಿ. ಅಲ್ಲಿ ಕೇಳುವ ಪ್ರಶ್ನೆಗಳು ನಿಮ್ಮನ್ನು ಅನುಮಾನಿಸೋಕಲ್ಲ, ಆ ಕಡೆ ಮಲಗಿರುವವರನ್ನು ಕಾಪಾಡೋಕೆ. ಹಿಂದಿನ ರಾತ್ರಿ ಅಸೈನ್‌ಮೆಂಟ್ ಅಂತ ನಿದ್ದೆಗೆಟ್ಟು, ಬೆಳಿಗ್ಗೆ ತಿಂಡಿ ಬಿಟ್ಟು ಬರಬೇಡಿ. ತಲೆ ಸುತ್ತಿ ಬೀಳುವವರಲ್ಲಿ ಹೆಚ್ಚಿನವರು ಇಂಥವರೇ ಅನ್ನೋದು ನಾವು ಕಂಡಿದ್ದು. ಕೊಟ್ಟ ಮೇಲೆ ಹತ್ತು-ಹದಿನೈದು ನಿಮಿಷ ಕೂತಿರಿ, ನೀರು ಕುಡಿಯಿರಿ, ಆವತ್ತು ಜಿಮ್ ಬೇಡ.

ಹಿಮೋಗ್ಲೋಬಿನ್ ಕಡಿಮೆ ಅಂತ ವಾಪಸ್ ಕಳಿಸಿದರೆ ಅವಮಾನ ಅಂದುಕೊಳ್ಳಬೇಡಿ. ನಮ್ಮ ಹುಡುಗಿಯರಲ್ಲಿ ಹಲವರಿಗೆ ರಕ್ತಹೀನತೆ ಇರೋದು ಗೊತ್ತಾಗಿದ್ದೇ ಹೀಗೆ. ಅದು ನಿಮ್ಮ ಆರೋಗ್ಯಕ್ಕೆ ಸಿಕ್ಕ ಎಚ್ಚರಿಕೆ, ಡಾಕ್ಟರನ್ನು ಕಾಣಿ. ಕೊಡಲಾಗದವರಿಗೂ ಕೆಲಸ ಇದೆ. ಪಟ್ಟಿ ನೋಡಿಕೊಳ್ಳುವವರು, ಫೋನ್ ಮಾಡುವವರು, ಹೊಸ ದಾನಿಯ ಪಕ್ಕ ಕೂತು ಧೈರ್ಯ ಹೇಳುವವರು ಬೇಕು. ಕಳೆದ ತಿಂಗಳು ಅತಿ ಹೆಚ್ಚು ಕೆಲಸ ಮಾಡಿದವಳು ಇದುವರೆಗೂ ಒಮ್ಮೆಯೂ ರಕ್ತ ಕೊಡಲಾಗದ 42 ಕೆಜಿಯ ಗೆಳತಿ.

ರೋಟರಿಯ ಅತಿ ದೊಡ್ಡ ಕೆಲಸ ಯಾವುದು ಅಂತ ಕೇಳಿದರೆ ಪೋಲಿಯೋ ಅಂತ ಹೇಳ್ತಾರೆ. 1985ರಲ್ಲಿ ಅವರು ಆ ಅಭಿಯಾನ ಕೈಗೆತ್ತಿಕೊಂಡರು. ನಮ್ಮ ದೇಶದಲ್ಲಿ 1995ರಿಂದ ಪಲ್ಸ್ ಪೋಲಿಯೋ ನಡೆಯಿತು. ಕೊನೆಯ ಪ್ರಕರಣ ಕಂಡದ್ದು 2011ರ ಜನವರಿಯಲ್ಲಿ, ಪಶ್ಚಿಮ ಬಂಗಾಳದ ಹೌರಾದಲ್ಲಿ. 2014ರ ಮಾರ್ಚ್‌ನಲ್ಲಿ ನಾವಿರುವ ಆಗ್ನೇಯ ಏಷ್ಯಾ ವಲಯ ಪೋಲಿಯೋಮುಕ್ತ ಅಂತ ವಿಶ್ವ ಆರೋಗ್ಯ ಸಂಸ್ಥೆ ಘೋಷಿಸಿತು. ಸರ್ಕಾರ, ಆಶಾ ಮತ್ತು ಅಂಗನವಾಡಿ ಕಾರ್ಯಕರ್ತೆಯರು, ಸೇವಾ ಕ್ಲಬ್‌ಗಳು ಎಲ್ಲ ಸೇರಿ ಎರಡು ಹನಿಯನ್ನು ಮತ್ತೆ ಮತ್ತೆ, ಮನೆ ಮನೆಗೆ, ಬೇಜಾರಿಲ್ಲದೆ ಹಾಕಿದ್ದರಿಂದ ಅದು ಸಾಧ್ಯವಾಯಿತು. ಒಂದೇ ಭಾನುವಾರ ದೊಡ್ಡ ಜಾತ್ರೆ ಮಾಡಿ ಸುಮ್ಮನಾಗಿದ್ದರೆ ಪೋಲಿಯೋ ಇವತ್ತಿಗೂ ಇರುತ್ತಿತ್ತು.

ಈ ವರ್ಷದ ನಮ್ಮ ರಿಪೋರ್ಟಿನಲ್ಲಿ ದಾಖಲೆ ಸಂಖ್ಯೆ ಇರೋದಿಲ್ಲ, ದೊಡ್ಡ ಗ್ರೂಪ್ ಫೋಟೋವೂ ಇರೋದಿಲ್ಲ. ಆದರೆ ಮೊನ್ನೆ ಹಾಸ್ಟೆಲ್ ಬಾಗಿಲು ಮತ್ತೊಮ್ಮೆ ರಾತ್ರಿ ತಟ್ಟಿತು. ಪಟ್ಟಿ ತೆಗೆದು ಮೊದಲ ಹೆಸರಿಗೇ ಫೋನ್ ಮಾಡಿದೆ. "ಚಪ್ಪಲಿ ಹಾಕ್ಕೊಂಡು ಕೆಳಗೆ ಬರ್ತೀನಿ ಅಣ್ಣಾ, ಗಾಡಿ ತೆಗೀರಿ" ಅಂದ.

ಮುಂದಿನ ಸರದಿಗೆ ಹೆಸರು ಕೊಡಲು ನಿಮ್ಮ ಕ್ಲಾಸಿನ ಸಿಆರ್‌ಗೆ ಹೇಳಿ. ನಿಮ್ಮ ಬ್ಲಡ್ ಗ್ರೂಪ್ ಗೊತ್ತಿಲ್ಲದಿದ್ದರೆ ಅದನ್ನು ತಿಳಿದುಕೊಳ್ಳೋದರಿಂದಲೇ ಶುರು ಮಾಡಿ.