ಹುಮಣಿಗೆ ಬಲೆ: ಎರಡರಲ್ಲಿ ಯಾವುದು ಚಲೋ?

ಮಿರಗದ ಮಳೆ ಬಿದ್ದ ಮೇಲೆ ಸಂಜೆ ಹೊತ್ತು ಬದುವಿನ ಬೇವಿನ ಗಿಡದ ಕಡೆ ಲಕ್ಷ್ಯ ಕೊಟ್ಟು ನೋಡ್ರಿ. ಕಂದು ದುಂಬಿಗಳು ಗುಂಯ್ ಎನ್ನುತ್ತ ಬಂದು ಎಲೆಗಳಿಗೆ ಮುತ್ತುತ್ತವೆ. ಸೊಲ್ಲಾಪುರ, ಅಕ್ಕಲಕೋಟೆ ಕಡೆಯ ರೈತರು ಹೆಸರು ಕೇಳಿದರೇ ಬೈಯುವ 'ಹುಮಣಿ' ಹುಳುವಿನ ತಂದೆ-ತಾಯಿ ಇವೇ. ಕನ್ನಡದಲ್ಲಿ ಇದಕ್ಕೆ ಗೊಣ್ಣೆ ಹುಳು ಎಂದೂ ಹೆಸರು.

ದುಂಬಿ ಹಗಲೆಲ್ಲ ಮಣ್ಣಿನಲ್ಲಿ ಅಡಗಿರುತ್ತದೆ. ಕತ್ತಲಾದೊಡನೆ ಹೊರಬಂದು ಬೇವು, ಜಾಲಿ ಗಿಡಗಳ ಎಲೆ ತಿನ್ನುತ್ತದೆ. ನಸುಕಿಗೆ ಮತ್ತೆ ಮಣ್ಣು ಸೇರುತ್ತದೆ. ಹೆಣ್ಣು ಮಣ್ಣಿನಲ್ಲೇ ಮೊಟ್ಟೆ ಇಡುತ್ತದೆ. ಮರಿಹುಳುಗಳು ಕಬ್ಬು, ತೊಗರಿ, ಶೇಂಗಾ ಬೇರು ಕಡಿಯುತ್ತವೆ. ಬೆಳೆ ಒಣಗಿದ್ದು ಕಣ್ಣಿಗೆ ಬೀಳುವಾಗ ಹುಳು ಮಣ್ಣಿನೊಳಗೆ ಇರುತ್ತದೆ. ಅಲ್ಲಿ ಅದನ್ನು ಹಿಡಿಯುವುದು ಕಷ್ಟ. ಅದಕ್ಕೇ ಮೊಟ್ಟೆ ಇಡುವ ಮೊದಲೇ ದುಂಬಿಯನ್ನು ಹಿಡಿಯಬೇಕು.

ಬಲೆ ಮಾಡುವವರು ಮೊದಲು ಕೀಟದ ಸ್ವಭಾವ ತಿಳಿಯುತ್ತಾರೆ. ಕೆನಡಾದ ಕಾಡುಗಳಲ್ಲಿ ತೊಗಟೆ ಕೊರೆಯುವ ದುಂಬಿಗಳಿವೆ. ಅವುಗಳಿಗಾಗಿ ಸ್ಟಾಫಾನ್ ಲಿಂಡ್‌ಗ್ರೆನ್ ಎಂಬ ವಿಜ್ಞಾನಿ 1983ರಲ್ಲಿ ಒಂದು ಬಲೆಯ ವಿವರ ಪ್ರಕಟಿಸಿದರು. ಕಪ್ಪು ಆಲಿಕೆಗಳನ್ನು ಒಂದರ ಕೆಳಗೊಂದು ತೂಗುಬಿಟ್ಟ ಬಲೆ ಅದು. ದೂರದಿಂದ ಮರದ ಬೊಡ್ಡೆಯಂತೆ ಕಾಣುತ್ತದೆ. ವಾಸನೆಗೆ ಬಂದ ದುಂಬಿ ಬಡಿದು ಜಾರಿ ಕೆಳಗಿನ ಡಬ್ಬಿಗೆ ಬೀಳುತ್ತದೆ.

ನಮ್ಮ ಹುಮಣಿ ದುಂಬಿ ಬೆಳಕಿಗೆ ಬರುತ್ತದೆ. ಹಾಗಾಗಿ ಅಗಲವಾದ ಬೋಗುಣಿಯಲ್ಲಿ ಸೋಪಿನ ನೀರು, ಅದರ ಮೇಲೆ ಬ್ಯಾಟರಿ ದೀಪ ಇಷ್ಟೇ ಸಾಕು. ಸೋಪು ನೀರಿನ ಮೇಲ್ಮೈ ಎಳೆತವನ್ನು ಕಡಿಮೆ ಮಾಡುವುದರಿಂದ ಬಿದ್ದ ಹುಳು ಬೇಗ ಮುಳುಗುತ್ತದೆ. ಕರೆಂಟಿನ ಬಲ್ಬು ಮಾತ್ರ ಬೇಡ. ಹಾವು-ಚೇಳು ಓಡಾಡುವ ಕಾಲ, ದೊಡ್ಡವರು ಜೊತೆಗಿರಲಿ.

ಈಗ ಪ್ರಶ್ನೆ: ಬಿಳಿ ದೀಪ ಚಲೋ ಏನು, ಹಳದಿ ದೀಪ ಚಲೋ ಏನು? ಒಂದನ್ನು ಬೇವಿನ ಹತ್ತಿರ, ಇನ್ನೊಂದನ್ನು ಬಯಲಿನಲ್ಲಿ ಇಟ್ಟರೆ ಗೆದ್ದದ್ದು ದೀಪವೋ ಬೇವೋ ತಿಳಿಯುವುದಿಲ್ಲ. ಸೋಮವಾರ ಒಂದು, ಮಂಗಳವಾರ ಇನ್ನೊಂದು ಇಟ್ಟರೂ ತಪ್ಪೇ. ಮಳೆ, ಗಾಳಿ, ಬೆಳದಿಂಗಳು ಎರಡೂ ದಿನ ಒಂದೇ ಇರುವುದಿಲ್ಲ. ಬೋಗುಣಿ, ನೀರು, ದೀಪದ ಎತ್ತರ, ಹೊತ್ತು ಎಲ್ಲ ಒಂದೇ ಇರಲಿ. ಬಣ್ಣ ಮಾತ್ರ ಬೇರೆ. ಎರಡನ್ನೂ ಒಂದೇ ರಾತ್ರಿ ಇಡಿ, ಮರುದಿನ ಜಾಗ ಅದಲುಬದಲು ಮಾಡಿ. ಹೀಗೆ ಆರು ರಾತ್ರಿ ಎಣಿಸಿ ವಹಿಯಲ್ಲಿ ಬರೆಯಿರಿ.

ಎಣಿಸುವಾಗ ಎರಡು ಸಾಲು ಹಾಕಿರಿ: ಹುಮಣಿ ದುಂಬಿ ಎಷ್ಟು, ಬೇರೆ ಕೀಟ ಎಷ್ಟು. ಒಂದು ಬಲೆಯಲ್ಲಿ 40 ದುಂಬಿ, 60 ಬೇರೆ ಕೀಟ. ಇನ್ನೊಂದರಲ್ಲಿ 30 ದುಂಬಿ, 5 ಬೇರೆ ಕೀಟ ಬಿದ್ದವು ಅಂತ ಇಟ್ಟುಕೊಳ್ಳಿ. ಯಾವುದು ಚಲೋ? ಆ 60ರಲ್ಲಿ ಹೇನು ತಿನ್ನುವ ಗುಲಗಂಜಿ ಹುಳುವಿನಂಥ ರೈತನ ಗೆಳೆಯರೂ ಇರಬಹುದು. ಹೆಚ್ಚು ಹಿಡಿದದ್ದೇ ಒಳ್ಳೆಯ ಬಲೆ ಅಲ್ಲ. ದುಂಬಿ ಹಾರುವ ಹೊತ್ತು ಮುಗಿದೊಡನೆ ದೀಪ ಆರಿಸಿದರೆ ಗೆಳೆಯರು ಉಳಿಯುತ್ತಾರೆ.

ಬಲೆಯೊಂದೇ ಹುಮಣಿಯನ್ನು ಮುಗಿಸುವುದಿಲ್ಲ. ಆದರೆ ದುಂಬಿ ಎದ್ದಿದೆ ಎಂಬ ಸುದ್ದಿಯನ್ನು ಅದು ಮೊದಲು ಕೊಡುತ್ತದೆ. ಅವತ್ತೇ ಸಂಜೆ ಊರವರೆಲ್ಲ ಸೇರಿ ಬೇವು, ಜಾಲಿ ಟೊಂಗೆ ಅಲುಗಿಸಿ, ಬಿದ್ದ ದುಂಬಿಗಳನ್ನು ಆರಿಸಿ ಸೋಪಿನ ನೀರಿಗೆ ಹಾಕಬೇಕು. ಒಬ್ಬರೇ ಮಾಡಿದರೆ ಪಕ್ಕದ ಹೊಲದಿಂದ ಮತ್ತೆ ಹಾರಿ ಬರುತ್ತವೆ. ಮೊದಲ ದುಂಬಿ ಬಿದ್ದ ತಾರೀಖನ್ನು ನಿಮ್ಮ ವಹಿ ನೋಡಿ ಊರಿಗೆ ಹೇಳುವವರು ನೀವೇ ಆಗಿರಿ.